ಬಾಯ್ಕಾಟ್‌ಗೆ ಅರ್ಥ ಹೇಳಿದ ದಿನ

ಖಾದಿ ಟೋಪಿಯ ಹುಡುಗರ ಬಾಯಲ್ಲಿ ‘ಬಾಯ್ಕಾಟ್’ ಎಂಬ ಮಾತು ಮಧುಗಿರಿಗೆ ಬಂದಾಗ ನಾನು ಅಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಮಾತು ಹೊಸದು, ಅದರ ಏಟನ್ನು ನಾನು ಚಿಕ್ಕಂದಿನಲ್ಲೇ ತಿಂದಿದ್ದೆ. ಐ.ಡಿ.ಹಳ್ಳಿ ಕಡೆಯ ನಮ್ಮೂರಿನಲ್ಲಿ, ನೋವು ಬಂದು ದಾರಿಯಲ್ಲಿ ಕುಸಿದ ಸಿರಾದ ಕಂಬಳಿ ಮಾರುವ ಸಾಬರ ಹೆಂಡತಿಯನ್ನು ಅವ್ವ ನಡುಮನೆಗೆ ಕರೆದು ಹೆರಿಗೆ ಮಾಡಿಸಿದ್ದಳು. ಅಷ್ಟಕ್ಕೇ ಊರ ಗೌಡ ನಮಗೆ ಬೆಂಕಿ, ನೀರು ನಿಲ್ಲಿಸಿದ. ಅಗಸ ಬಟ್ಟೆ ಮುಟ್ಟಲಿಲ್ಲ. ಬಾವಿಗೆ ಹೋದರೆ ಕೈಯಿಂದ ಹಗ್ಗ ಕಿತ್ತುಕೊಂಡರು. ಆ ವರ್ಷವೇ ಅಪ್ಪ ಸತ್ತ. ಹೆಗಲು ಕೊಡಲು ಒಂದು ನರಪಿಳ್ಳೆಯೂ ಬರಲಿಲ್ಲ. ಹೊಲದಲ್ಲಿ ಗುಂಡಿ ತೋಡಿದ್ದು ಅವ್ವ, ಅಪ್ಪನ ಕಾಲು ಹಿಡಿದದ್ದು ನಾನು. ನಾವಿಬ್ಬರೇ ಎಳೆದ ಹೆಣದ ಗಾಡಿ ಮನೆ ಮುಂದೆ ಹಾದಾಗ ಗೌಡ ಜಗಲಿಯ ಮೇಲೆ ಕೂತು ನೋಡುತ್ತಿದ್ದ.

ಅದೇ ಗೌಡ ಮುದುಕನಾಗಿ, ಟೋಪಿ ಹಾಕಿಕೊಂಡು, ದೇಶಭಕ್ತನಾಗಿಬಿಟ್ಟಿದ್ದ! ಸೀಮೆಬಟ್ಟೆ ಅಂಗಡಿಗಳನ್ನು ಬಾಯ್ಕಾಟ್ ಮಾಡುವ ಸಭೆಗೆ ಅವನೇ ಅಧ್ಯಕ್ಷ. ನನ್ನ ಗುರುತು ಹತ್ತದೆ, “ಇಂಗ್ಲಿಷ್ ಕಲ್ತೋರು ನೀವು, ಆ ಮಾತಿನ ಅರ್ಥ ಒಸಿ ಬುಡ್ಸಿ ಹೇಳ್ಬೇಕು ಕಣಮ್ಮ” ಎಂದು ಕೈಮುಗಿದ. ಸರ್ಕಾರಿ ನೌಕರಿಗೆ ಸಂಚಕಾರ ಬರುತ್ತದೆಂದು ಗೊತ್ತಿದ್ದೂ ಒಪ್ಪಿಕೊಂಡೆ. ಹಾಲು ಕುಡಿದಷ್ಟು ಸಂತೋಷವಾಯಿತು.

ಅದು ಐರ್ಲೆಂಡಿನಲ್ಲಿ ಜಮೀನ್ದಾರನ ಪರವಾಗಿ ಗೇಣಿ ವಸೂಲಿ ಮಾಡುತ್ತಿದ್ದವನೊಬ್ಬನ ಹೆಸರು ಎಂದು ಸಭೆಯಲ್ಲಿ ಹೇಳಿದೆ. ಒಕ್ಕಲುಗಳನ್ನು ಎಬ್ಬಿಸಲು ಹೊರಟವನ ಪೈರನ್ನು ಊರವರು ಕೊಯ್ಯಲಿಲ್ಲ, ಅಂಗಡಿಯವರು ಸಾಮಾನು ಕೊಡಲಿಲ್ಲ, ಯಾರೂ ಮಾತಾಡಿಸಲಿಲ್ಲ. ಹಾಗೆ ದೂರವಿಡುವುದಕ್ಕೇ ಅವನ ಹೆಸರು ಅಂಟಿಕೊಂಡಿತು.

“ಅಲ್ಲಿ ಬಡವರು ದಬ್ಬಾಳಿಕೆ ಮಾಡಿದವನನ್ನು ದೂರವಿಟ್ಟರು. ನಮ್ಮೂರಿನಲ್ಲಿ ಈ ಅಧ್ಯಕ್ಷರು ಒಂದು ಹೆಣವನ್ನು ದೂರವಿಟ್ಟರು” ಎಂದು ಅವನತ್ತ ಕೈ ತೋರಿಸಿ, ಅಪ್ಪನ ಹೆಸರು ಹೇಳಿದೆ.

ಗೌಡನ ಮುಖ ಹುಳ್ಳಗಾಯಿತು. “ಹಳೇದೆಲ್ಲ ಯಾಕವ್ವ ಈಗ, ಬುಟ್ಬುಡು” ಎಂದ. ನಾನು ಬಿಡಲಿಲ್ಲ. ಬಾವಿಯ ಹಗ್ಗದಿಂದ ಅಪ್ಪನ ಗುಂಡಿಯವರೆಗೂ ಹೇಳಿದೆ. ಮೊದಲು ಹೆಂಗಸರು ಎದ್ದು ಹೊರನಡೆದರು, ಆಮೇಲೆ ಗಂಡಸರು. ಅವನು ಹಂಚಲು ತಂದಿದ್ದ ಎಲೆಅಡಿಕೆ ತಟ್ಟೆಯಲ್ಲೇ ಉಳಿಯಿತು.

ಮನೆಗೆ ಬಂದು, ಬೀಗುತ್ತಾ, ಅವ್ವನಿಗೆ ಒಂದೂ ಬಿಡದೆ ಹೇಳಿದೆ. ಅವಳು ರಾಗಿ ಬೀಸುತ್ತಲೇ ಕೇಳಿಸಿಕೊಂಡಳು.

“ಅವ್ನು ಒಬ್ನೇ ಹೋದ್ನಾ?”

“ಇಲ್ಲ ಕಣವ್ವ. ಮೊಮ್ಮಗ ಕೈ ಹಿಡ್ಕಂಡು ಕರ್ಕಂಡೋದ.”

ಅವ್ವ ಬೀಸುವುದನ್ನು ನಿಲ್ಲಿಸಿದಳು.

“ಅಂಗಾರೆ ಆ ಮಾತಿನ ಅರ್ಥ ಅವ್ನಿಗಿನ್ನೂ ಆಗಿಲ್ಲ ಬುಡು” ಎಂದಳು.