ಸಾರಿಸದೆ ಬಿಟ್ಟ ಒಂದು ಚೌಕ

ನಾನು ಚಿಕ್ಕವಳಿದ್ದಾಗ ನಮ್ಮ ಅಪ್ಪನ ನೌಕರಿ ಸೊಳ್ಳೆ ಹಿಡಿಯುವುದಾಗಿತ್ತು. ಕೊಲ್ಲುವುದಲ್ಲ, ಜೀವಂತ ಹಿಡಿಯುವುದು. ಶಾಲೆಯಲ್ಲಿ ಮಾಸ್ತರರು ಕೇಳಿದಾಗ ನಾನು ಹಾಗೇ ಹೇಳಿದೆ. ಇಡೀ ವರ್ಗ ನಕ್ಕಿತು. ಆದರೆ ಅದು ಸರಕಾರಿ ನೌಕರಿ. ಮಲೇರಿಯಾ ಇಲಾಖೆಯವರು ಅಪ್ಪನಿಗೆ ಒಂದು ಟಾರ್ಚು, ಒಂದು ಗಾಜಿನ ಕೊಳವೆ, ಅದಕ್ಕೆ ಸಿಕ್ಕಿಸುವ ರಬ್ಬರ್ ನಳಿಗೆ ಕೊಟ್ಟಿದ್ದರು. ಬೆಳಗಾಗುತ್ತಲೇ ಅಪ್ಪ ಮಂದಿಯ ಮನೆಗೆ ಹೋಗಿ ಕತ್ತಲೆ ಮೂಲೆಗಳಿಗೆ ಟಾರ್ಚು ಬಿಡುತ್ತಿದ್ದ. ಗೋಡೆಯ ಮೇಲೆ ಕೂತ ಸೊಳ್ಳೆಗೆ ಕೊಳವೆಯ ಬಾಯಿ ಹಿಡಿದು, ನಳಿಗೆಯಿಂದ ಸರಕ್ಕನೆ ಉಸಿರೆಳೆದರೆ ಸೊಳ್ಳೆ ಗಾಜಿನೊಳಗೆ. ಅದು ಅಪ್ಪನ ಬಾಯಿಗೆ ಬಾರದಂತೆ ನಡುವೆ ತೆಳು ಬಟ್ಟೆ ಇತ್ತು. ಯಾವ ಮನೆಯಲ್ಲಿ ಯಾವ ಜಾತಿಯ ಸೊಳ್ಳೆ ಸಿಕ್ಕಿತು ಎಂದು ಬರೆದು ಕೊಲ್ಹಾಪುರಕ್ಕೆ ಕಳಿಸಬೇಕು. ಅಪ್ಪ ಕಲಿತದ್ದು ಮರಾಠಿ ಏಳನೆಯ ಇಯತ್ತೆ. ಸೊಳ್ಳೆ ಕೂತ ರೀತಿ ನೋಡಿಯೇ ಇದು ಚಳಿಜ್ವರದ್ದು, ಇದು ಅಲ್ಲ ಎಂದು ಹೇಳುತ್ತಿದ್ದ.

ನಮ್ಮ ಮನೆ ಗಡಹಿಂಗ್ಲಜದ ಅಂಚಿನ ಒಂದು ಓಣಿಯಲ್ಲಿತ್ತು. ಹೊಸ್ತಿಲು ದಾಟಿದರೆ ಮೊದಲು ಎಮ್ಮೆ ಕಟ್ಟುವ ಜಾಗ. ಅಲ್ಲಿಂದ ಎರಡು ಮೆಟ್ಟಿಲು ಏರಿದರೆ ಪಡಸಾಲೆ. ಎಲ್ಲವೂ ಮಣ್ಣಿನ ಗೋಡೆ. ಹಸಿ ಮೇವು, ಸೆಗಣಿ, ಒಲೆಯ ಹೊಗೆ ಸೇರಿದ ವಾಸನೆ ಯಾವಾಗಲೂ ಇರುತ್ತಿತ್ತು. ಒಂದು ವರ್ಷ ಮಳೆ ಹಿಡಿದ ಮೇಲೆ ಅದಕ್ಕೆ ಸೊಳ್ಳೆ ಕೊಲ್ಲುವ ಡಿಡಿಟಿ ಪುಡಿಯ ಘಾಟು ಸೇರಿತು.

ಪಂಪಿನವರು ಬಂದಿದ್ದರು. ಒಬ್ಬ ಪುಡಿ ಕಲಸಿದ ನೀರಿನ ಬಕೆಟ್ಟಿನಲ್ಲಿ ಪಂಪು ಒತ್ತುತ್ತಿದ್ದ. ಇನ್ನೊಬ್ಬ ಮೂಗಿಗೆ ಅರಿವೆ ಕಟ್ಟಿಕೊಂಡು, ಉದ್ದ ಕೊಳವೆ ಹಿಡಿದು ಗೋಡೆಗೆ ಮೇಲಿನಿಂದ ಕೆಳಗೆ ಔಷಧ ಹೊಡೆಯುತ್ತಿದ್ದ. ಈ ಎರಡನೆಯವನು ನಮ್ಮ ಓಣಿಯವನೇ. ನಾವು ಅವನನ್ನು ಮಾಮಾ ಎನ್ನುತ್ತಿದ್ದೆವು. ಅಪ್ಪನ ಹಾಗೆ ಅವನದು ಕಾಯಂ ನೌಕರಿಯಲ್ಲ. ಔಷಧ ಹೊಡೆಯುವ ತಿಂಗಳುಗಳಲ್ಲಿ ಮಾತ್ರ ಕೆಲಸ. ಸಾಹೇಬರು ಬೇಡವೆಂದರೆ ಅಂದೇ ಮುಗಿಯಿತು.

ಅಜ್ಜಿ ಮೆಟ್ಟಿಲ ಮೇಲೆ ಕೂತು ಪುಡಿಯ ಚೀಲವನ್ನೇ ನೋಡುತ್ತಿದ್ದಳು.

"ಒಂದ ಬೊಗಸಿ ಕೊಡೋ. ಎಮ್ಮಿಗೆ ಉಣ್ಣಿ ಭಾಳ ಆಗ್ಯಾವ," ಎಂದಳು.

"ಇದು ಗೋಡಿ ಪುಡಿ ಐತಿ ಅಜ್ಜೀ. ಎಮ್ಮಿಗೆ ಹಚ್ಚಿದ್ರ ಎಮ್ಮಿ ನೆಕ್ಕತೈತಿ, ಹಾಲ ನೀವ ಕುಡೀತೀರಿ," ಎಂದ ಮಾಮಾ.

"ಒಂದ ಬೊಗಸಿಗೆ ಯಾರ ಸಾಯ್ತಾರ?"

"ನನ್ನ ನೌಕರಿ ಸಾಯತೈತಿ!"

"ಏನ ದೊಡ್ಡ ಕಲೆಕ್ಟರ ಆಗೀದಿ ನೋಡು," ಎಂದು ಅಜ್ಜಿ ಸೊಟ್ಟ ಮೋರೆ ಮಾಡಿದಳು. ಮಾಮಾ ನಗುತ್ತ ಚೀಲದ ಬಾಯಿ ಕಟ್ಟಿದ. ಇದನ್ನು ನಾನು ಕಣ್ಣಾರೆ ಕಂಡಿದ್ದೆ.

ಹೊಡೆದು ಮುಗಿದ ಮೇಲೆ ಬಾಗಿಲ ಒಳಗಿನ ಗೋಡೆಗೆ ಅಕ್ಷರ ಕೊರೆದ ತಗಡು ಇಟ್ಟು, ಕಾವಿ ಬಣ್ಣದಲ್ಲಿ ತಾರೀಖು ಮೂಡಿಸಿದರು. ಇನ್ನು ಕೆಲವು ತಿಂಗಳು ಗೋಡೆ ಸಾರಿಸಬಾರದು. ಪುಡಿ ಗೋಡೆಯ ಮೇಲೆಯೇ ಉಳಿದರೆ ಸೊಳ್ಳೆ ಬಂದು ಕೂತು ಸಾಯುತ್ತದೆ. ಮೇಲೆ ಸೆಗಣಿ ಮಣ್ಣು ಬಂದರೆ ಪುಡಿ ಕೆಳಗೆ ಮುಚ್ಚಿಹೋಗುತ್ತದೆ. ಅಪ್ಪ ಇದನ್ನು ಓಣಿಯ ಪ್ರತಿ ಮನೆಯಲ್ಲೂ ಹೇಳಿ ಬಂದಿದ್ದ. ಅದಾದ ಮೇಲೆ ಅವನನ್ನು ಇಚಲಕರಂಜಿಗೆ ಕಳಿಸಿದರು. ಮಗ್ಗದ ಶೆಡ್ಡುಗಳ ಹಿಂದಿನ ನೀರಿನ ತೊಟ್ಟಿಗಳನ್ನು ನೋಡುವ ಕೆಲಸ. ಪಂಚಮಿಗೂ ಅವನು ಮನೆಗೆ ಬರಲಿಲ್ಲ.

ನಾಗರ ಪಂಚಮಿ ಹತ್ತಿರ ಬಂತು. ನಮ್ಮ ಕಡೆ ಪಂಚಮಿಗೆ ಗೋಡೆ ಸಾರಿಸದ ಮನೆಯೇ ಇರುತ್ತಿರಲಿಲ್ಲ. ಮಾಮಾನ ಪಂಪು ಬಿಟ್ಟುಹೋದ ಬಿಳಿ ಕಲೆಗಳನ್ನು ಅಜ್ಜಿ ದಿನಾ ನೋಡುತ್ತಿದ್ದಳು. ಒಂದು ಬೆಳಿಗ್ಗೆ ಅವಳಿಗೆ ತಡೆಯಲಾಗಲಿಲ್ಲ. ಕೆಂಪು ಮಣ್ಣು, ಸೆಗಣಿ ಕಲಸಿ ಅಕ್ಕನನ್ನೂ ನನ್ನನ್ನೂ ಕರೆದಳು.

"ಅಪ್ಪ ಬೈತಾನ ಅಜ್ಜೀ," ಎಂದಳು ಅಕ್ಕ.

"ನಿಮ್ಮಪ್ಪ ಇಲಾಖೆಗೆ ಸಾಹೇಬ ಇರಬಹುದು, ನನಗ ಮಗಾನ ಅದಾನ. ಇಂಥಾ ಗೋಡಿ ಇಟ್ಕೊಂಡ ನಾಗಪ್ಪಗ ಹಾಲ ಹ್ಯಾಂಗ ಹಾಕ್ಲಿ?"

ಪಡಸಾಲೆ ಅಕ್ಕನ ಪಾಲಿಗೆ, ಎಮ್ಮೆ ಕಟ್ಟುವ ಜಾಗ ನನ್ನ ಪಾಲಿಗೆ ಬಂತು. ತಣ್ಣನೆಯ ಮಣ್ಣು ಬೆರಳಿಗೆ ಅಂಟುತ್ತಿತ್ತು. ಅಂಗೈಯಿಂದ ಅರ್ಧ ಚಂದ್ರದ ಹಾಗೆ ಎಳೆಯುತ್ತ ಬಾಗಿಲ ಹತ್ತಿರ ಬಂದೆ. ಅಲ್ಲಿ ಸರಕಾರದ ಅಕ್ಷರ ಇತ್ತು. ಸರಕಾರ ಬರೆದದ್ದನ್ನು ಅಳಿಸಿದರೆ ಪೊಲೀಸರು ಬರುತ್ತಾರೆ ಎಂದು ನಾನು ತಿಳಿದಿದ್ದೆ. ಅದಕ್ಕೆ ಅಕ್ಷರದ ಸುತ್ತ ಒಂದು ಊಟದ ತಾಟಿನಷ್ಟು ಚೌಕ ಹಾಗೇ ಬಿಟ್ಟು, ಸುತ್ತಲೂ ಅಂಚು ನೀಟಾಗಿ ಸಾರಿಸಿದೆ.

ಪಂಚಮಿ ಮುಗಿದ ನಾಲ್ಕನೆಯ ದಿನ ಮಧ್ಯಾಹ್ನ ಬಾಗಿಲಿಗೆ ಜೀಪು ಬಂತು. ಕೊಲ್ಹಾಪುರದ ಸಾಹೇಬರು ಮತ್ತು ಅಪ್ಪ ಇಳಿದರು. ಹೊಡೆದ ಪುಡಿ ಇನ್ನೂ ಕೆಲಸ ಮಾಡುತ್ತಿದೆಯೇ ಎಂದು ಅವರು ಪರೀಕ್ಷಿಸಬೇಕಿತ್ತು. ಜೀಪಿನಲ್ಲಿ ಆದ ಮಾತನ್ನು ಅಪ್ಪ ನಮಗೆ ಆಮೇಲೆ ಹೇಳಿದ. ಖಂಡಿತ ಸಾರಿಸದ ಗೋಡೆ ಯಾರ ಮನೆಯಲ್ಲಿದೆ ಎಂದು ಸಾಹೇಬರು ಕೇಳಿದರಂತೆ. "ಮಂದಿ ಮನಿದು ಖಾತ್ರಿ ಕೊಡಾಕ ಆಗೂದಿಲ್ರಿ. ನಮ್ಮ ಮನಿದು ಕೊಡ್ತೇನಿ," ಎಂದು ಅಪ್ಪ ಹೇಳಿದನಂತೆ.

ಗೋಡೆಗೆ ಔಷಧ ಹೊಡೆದವನೂ ಎದುರಿಗಿರಬೇಕೆಂದು ಮಾಮಾನನ್ನು ಕರೆಸಿದರು. ಅವನು ತೋಳು ಒರೆಸಿಕೊಳ್ಳುತ್ತ ಖುಷಿಯಿಂದಲೇ ಬಂದ. ಬಿಸಿಲಿನಿಂದ ಬಂದ ಅಪ್ಪ ಬಾಗಿಲ ಬಳಿಯ ಮಬ್ಬಿನಲ್ಲಿ ತಾರೀಖನ್ನಷ್ಟೇ ಸಾಹೇಬರಿಗೆ ತೋರಿಸಿ, ಎಮ್ಮೆಯ ಹಿಂದಿನ ಕತ್ತಲೆ ಮೂಲೆಗೆ ನಡೆದ. ಬೇರೆಯವರ ಮನೆಯಲ್ಲಿ ಗೇಣು ಗೇಣು ಗೋಡೆಗೆ ಟಾರ್ಚು ಬಿಡುತ್ತಿದ್ದವನು ನಮ್ಮ ಮನೆಯ ಗೋಡೆಗೆ ಬಿಡಲಿಲ್ಲ. ಪಾರದರ್ಶಕ ಪ್ಲಾಸ್ಟಿಕ್ಕಿನ ಒಂದು ಟೊಪ್ಪಿಗೆಯನ್ನು ಗೋಡೆಗೆ ಬೋರಲು ಅಂಟಿಸಿ, ಡಬ್ಬಿಯಲ್ಲಿ ತಂದಿದ್ದ ಹತ್ತು ಸೊಳ್ಳೆಗಳನ್ನು ಅದರ ತುದಿಯ ತೂತಿನಿಂದ ಒಳಗೆ ಊದಿ, ತೂತಿಗೆ ಹತ್ತಿ ತುರುಕಿದ. ಅರ್ಧ ಗಂಟೆ ಕಾಯಬೇಕು. ಅಕ್ಕ ನನ್ನ ತೋಳು ಚಿವುಟಿ "ಸುಮ್ನಿರು" ಎಂದಳು. ಅಜ್ಜಿ ನೆರೆಮನೆಯಲ್ಲಿದ್ದಳು.

ಪುಡಿ ತಾಗಿದರೆ ಸೊಳ್ಳೆ ಮೊದಲು ಚಡಪಡಿಸುತ್ತದೆ, ಆಮೇಲೆ ಕಾಲು ಮೇಲೆ ಮಾಡಿ ಬೀಳುತ್ತದೆ. ಅರ್ಧ ಗಂಟೆಯಾದರೂ ಹತ್ತೂ ಸೊಳ್ಳೆಗಳು ಆರಾಮಾಗಿ ಕೂತಿದ್ದವು. ಒಂದು ಹಿಂಗಾಲು ಉಜ್ಜಿಕೊಳ್ಳುತ್ತಿತ್ತು.

ಸಾಹೇಬರು ಮಾಮಾನ ಕಡೆ ತಿರುಗಿ, "ಪಾವಡರ ಕುಠಂ ಗೇಲೀ?" ಎಂದು ಮರಾಠಿಯಲ್ಲಿ ಕೇಳಿದರು. ಪುಡಿ ಎಲ್ಲಿ ಹೋಯಿತು? ಬರೀ ನೀರು ಹೊಡೆದು, ಪುಡಿಯನ್ನು ದನದ ಉಣ್ಣಿಗೆ ಕೊಟ್ಟೆಯೇನು? ಬೇರೆ ಕಡೆ ಹಾಗೆ ನಡೆದಿತ್ತಂತೆ.

"ಇಲ್ರಿ ಸಾಹೇಬ್ರ. ಒಂದ ಚಿಟಿಕೀನೂ ಕೊಟ್ಟಿಲ್ರಿ," ಎಂದ ಮಾಮಾ. ಅವನ ದನಿ ಸಣ್ಣದಾಗಿತ್ತು. ನಾಳೆಯಿಂದ ಪಂಪು ಮುಟ್ಟಬೇಡ ಎಂದು ಸಾಹೇಬರು ಜೇಬಿನಿಂದ ಪೆನ್ನು ತೆಗೆದು ಬರೆಯತೊಡಗಿದರು. ಅಪ್ಪ ಸೊಳ್ಳೆಗಳನ್ನೇ ನೋಡುತ್ತ ನಿಂತಿದ್ದ. ಮಾಮಾ ಅಪ್ಪನನ್ನು ನೋಡುತ್ತಿದ್ದ.

ನಾನು ಮೆಟ್ಟಿಲು ಇಳಿದೆ.

"ಅಪ್ಪಾ, ಪುಡಿ ಎಲ್ಲೂ ಹೋಗಿಲ್ಲ. ಗೋಡ್ಯಾಗ ಐತಿ. ಅದರ ಮ್ಯಾಲ ನಾ ಸಾರಿಸೇನಿ."

ಅಪ್ಪ ಟಾರ್ಚು ಹಚ್ಚಿದ. ಬೆಳಕಿನಲ್ಲಿ ನನ್ನ ಐದು ಬೆರಳುಗಳ ಅರ್ಧ ಚಂದ್ರಗಳು ಗೋಡೆಯ ತುಂಬ ಕಂಡವು.

"ಪಂಪಿನವನನ್ನು ಉಳಿಸಲು ಈ ಹುಡುಗಿಗೆ ಯಾರೋ ಹೇಳಿಕೊಟ್ಟ ಮಾತಲ್ಲವೇ ಇದು?" ಎಂಬರ್ಥದಲ್ಲಿ ಸಾಹೇಬರು ಏನೋ ಅಂದರು. ನಂಬಿದಂತೆ ಕಾಣಲಿಲ್ಲ. ಸಾರಿಸಿದ್ದು ನಿಜವಾದರೂ ಕೆಳಗೆ ಪುಡಿ ಇತ್ತೆಂದು ಹೇಗೆ ಗೊತ್ತು?

ನಾನು ಬಾಗಿಲ ಕಡೆ ಕೈ ತೋರಿಸಿದೆ. "ಅಲ್ಲಿ ಸಾರಿಸಿಲ್ರಿ. ಸರಕಾರದ ಅಕ್ಷರ ಅದಾವಂತ ಬಿಟ್ಟೇನಿ."

ಅಪ್ಪ ಟೊಪ್ಪಿಗೆ ಕಿತ್ತು ತಂದು ಚೌಕದ ಮೇಲೆ ಇಟ್ಟ. ಅದು ಅಂಚುಗಳ ಒಳಗೆ ಸರಿಯಾಗಿ ಕೂತಿತು. ಡಬ್ಬಿಯಲ್ಲಿ ಉಳಿದಿದ್ದ ಬೇರೆ ಹತ್ತು ಸೊಳ್ಳೆಗಳನ್ನು ಒಳಗೆ ಊದಿದ. ಮಾಮಾ ನೆಲಕ್ಕೆ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಎಮ್ಮೆ ಮೆಲುಕು ಹಾಕುತ್ತಿತ್ತು. ಸ್ವಲ್ಪ ಹೊತ್ತಿಗೆ ಒಂದು ಸೊಳ್ಳೆ ಹಾರಿ ಪ್ಲಾಸ್ಟಿಕ್ಕಿಗೆ ಬಡಿಯಿತು. ಇನ್ನೊಂದು ಗೋಡೆಗೆ ಕೂತು, ಎದ್ದು, ಮತ್ತೆ ಕೂತಿತು. ಅರ್ಧ ಗಂಟೆ ಮುಗಿಯುವ ಹೊತ್ತಿಗೆ ಕೆಲವು ಆಗಲೇ ಅಂಗಾತ ಬಿದ್ದಿದ್ದವು. ಉಳಿದವು ಒಂದು ಕಡೆ ನಿಲ್ಲಲಾಗದೆ ಒದ್ದಾಡುತ್ತಿದ್ದವು.

ಸಾಹೇಬರು ಮಾಮಾನ ಕ್ಷಮೆ ಕೇಳಲಿಲ್ಲ. ಬರೆದ ಸಾಲಿನ ಮೇಲೆ ಅಡ್ಡಗೆರೆ ಎಳೆದರು. ಆಗ ಅಜ್ಜಿ ಬಂದಳು. ವಿಷಯ ತಿಳಿದು ಸೆರಗು ಸರಿಮಾಡಿಕೊಂಡು, "ಸಾಹೇಬ್ರ, ಕೂಸಿಗೆ ಏನೂ ಅನಬ್ಯಾಡ್ರಿ. ಸಾರಸಂತ ಹೇಳಿದಾಕಿ ನಾನು. ನೀವ ಪಂಚಮಿ ಮುಗದ ಮ್ಯಾಲ ಪುಡಿ ಹೊಡದಿದ್ರ ಇದ್ಯಾಕ ಆಗತಿತ್ತು? ನಿಮ್ಮ ಮನ್ಯಾಗ ಪಂಚಮಿ ಇಲ್ಲೇನ್ರಿ?" ಎಂದಳು. ಸಾಹೇಬರು ಅದನ್ನೂ ಬರೆದುಕೊಂಡರು.

ಅಪ್ಪ ನನ್ನನ್ನು ಬೈಯಲಿಲ್ಲ, ಹೊಗಳಲೂ ಇಲ್ಲ. ಪಡಸಾಲೆಯಲ್ಲಿ ಕೂತು ಅಂದಿನ ಕಾಗದ ತುಂಬಿದ. ಸಾರಿಸಿದ ಮನೆ ಎಂಬ ಕಡೆ ತನ್ನ ಹೆಸರನ್ನೇ ಬರೆದ. ಅಕ್ಷರಗಳು ಎಂದಿನಂತೆ ದುಂಡಗಿದ್ದವು. ಮಾಮಾ ಹೋಗುವಾಗ ನನ್ನ ಜಡೆ ಎಳೆದು, "ಕಲೆಕ್ಟರ ನಾ ಅಲ್ಲ, ಈಕಿ ಅದಾಳ ನೋಡ್ರಿ ಅಜ್ಜೀ," ಎಂದ. ಮುಂದಿನ ವರ್ಷ ನಮ್ಮ ಓಣಿಗೆ ಪಂಪು ಬಂದದ್ದು ಪಂಚಮಿ ಮುಗಿದ ಮೇಲೆ. ಅದು ಅಜ್ಜಿಯ ಮಾತಿನಿಂದಲೋ ಬೇರೆ ಕಾರಣಕ್ಕೋ ನನಗೆ ಗೊತ್ತಿಲ್ಲ. ಕೊಳವೆ ಹಿಡಿದವನು ಮಾಮಾನೇ.

ಈಗ ನಾವು ಕೊಲ್ಹಾಪುರದಲ್ಲಿ ಮೂರನೆಯ ಮಹಡಿಯಲ್ಲಿದ್ದೇವೆ, ಮಕ್ಕಳೇ. ಎಮ್ಮೆ ಇಲ್ಲ, ಗೋಡೆಗೆ ಬಣ್ಣ. ಸೊಳ್ಳೆ ಓಡಿಸಲು ನೀವು ಗೋಡೆಯ ಯಂತ್ರದ ಗುಂಡಿ ಒತ್ತುತ್ತೀರಿ. ಆ ಬಿಳಿ ಪುಡಿ ನೆಲಕ್ಕೂ ನೀರಿಗೂ ಹಕ್ಕಿಗಳಿಗೂ ಮಾಡುವ ಕೇಡು ನಮಗೆ ತಿಳಿದದ್ದು ಬಹಳ ತಡವಾಗಿ. ಸೊಳ್ಳೆ ಉಣ್ಣಿಗಳ ಅಧ್ಯಯನಕ್ಕೆ ಈಗ ಕಾಲೇಜಿನಲ್ಲಿ ಪದವಿಯೇ ಇದೆ. ಆದರೆ ಮನೆಮನೆಗೆ ಬರುವವರು ಈಗಲೂ ಬರುತ್ತಾರೆ. ಹೋದ ವಾರ ಒಬ್ಬ ಹುಡುಗಿ ಟಾರ್ಚು ಹಿಡಿದು ಬಂದು, ನಮ್ಮ ಕೂಲರಿನ ನೀರು, ಫ್ರಿಜ್ಜಿನ ಹಿಂದಿನ ತಟ್ಟೆ ನೋಡಿ, ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ತಾರೀಖು ಬರೆದು ಹೋದಳು. ನಿನ್ನೆ ದೀಪಾವಳಿಗೆಂದು ಮೊಮ್ಮಗಳು ಆ ಬಾಗಿಲನ್ನು ಒದ್ದೆ ಅರಿವೆಯಿಂದ ಒರೆಸುತ್ತಿದ್ದಳು. ನಾನು ಈ ಕತೆಯನ್ನು ಅವಳಿಗೆ ಇನ್ನೂ ಹೇಳಿರಲಿಲ್ಲ. ಸುಮ್ಮನೆ ನೋಡುತ್ತ ಕೂತೆ. ಅವಳು ಬಾಗಿಲನ್ನೆಲ್ಲ ಒರೆಸಿದಳು. ತಾರೀಖಿನ ಹತ್ತಿರ ಬಂದಾಗ ಕೈ ನಿಲ್ಲಿಸಿ, ಅದರ ಸುತ್ತ ಒಂದು ಚೌಕ ಹಾಗೇ ಬಿಟ್ಟಳು.