ಕಂಬಳಿ ತುಂಡಿನ ಕತ್ತಿ

ಸೊಲ್ಲಾಪುರದ ನನ್ನ ಸಲೂನಿನಲ್ಲಿ ಒಂದು ಪದ್ಧತಿ ಇದೆ. ಗಿರಾಕಿ ಕುರ್ಚಿಯಲ್ಲಿ ಕೂತ ಮೇಲೆ ಅವನ ಕಣ್ಣೆದುರಿಗೇ ಹೊಸ ಬ್ಲೇಡಿನ ಕಾಗದ ಬಿಚ್ಚುತ್ತೇನೆ. ಅವನು ಮೊಬೈಲಿನಲ್ಲಿ ಮುಳುಗಿದ್ದರೆ, "ಇಕಡೇ ಬಘಾ, ಇತ್ತ ನೋಡ್ರಿ" ಎಂದು ಗದರಿಸಿಯಾದರೂ ತೋರಿಸುತ್ತೇನೆ. ನನ್ನ ಸಿಡುಕು ಪೇಟೆಗೆಲ್ಲ ಗೊತ್ತು. ಆದರೂ ಸ್ವಚ್ಛತೆ ಅಂದರೆ ಇವನದು ಎಂದು ಜನ ಹೊಗಳುತ್ತಾರೆ. ಹೊಗಳಲಿ. ಆ ಬ್ಲೇಡಿಗೂ ಸ್ವಚ್ಛತೆಗೂ ಸಂಬಂಧವಿಲ್ಲ.

ನಮ್ಮೂರು ಅಕ್ಕಲಕೋಟ ತಾಲೂಕಿನ ವಾಗದರಿ. ಅಜ್ಜ, ಅಜ್ಜನ ಅಪ್ಪ, ಎಲ್ಲರೂ ಆ ಊರಿನ ಕ್ಷೌರ ಮಾಡಿಯೇ ಬದುಕಿದವರು. ಕೂಸಿನ ಮೊದಲ ಕೂದಲು ತೆಗೆಯಲು, ಅರಿಷಿಣಕ್ಕೆ ಮುಂಚೆ ಮದುಮಗನ ಗಡ್ಡ ಹೆರೆಯಲು, ಸತ್ತವರ ಮಕ್ಕಳ ತಲೆ ಬೋಳಿಸಲು ನಮ್ಮಪ್ಪನೇ ಬೇಕು. ಆದರೆ ನಮ್ಮ ಮನೆಯಲ್ಲಿ ಕತ್ತಿ ಎರಡು. ಶುಭಕ್ಕೆ ಬಳಸುವುದು ಹಡಪದಲ್ಲಿ, ಅಂದರೆ ಅಪ್ಪ ಬಗಲಿಗೆ ಹಾಕಿಕೊಳ್ಳುವ ಚರ್ಮದ ಚೀಲದಲ್ಲಿ ಇರುತ್ತಿತ್ತು. ಸಾವಿನ ಕತ್ತಿ ಮನೆಯೊಳಗೆ ಬರುವಂತಿಲ್ಲ. ಅದನ್ನು ಕರಿ ಕಂಬಳಿಯ ತುಂಡಿನಲ್ಲಿ ಸುತ್ತಿ ಕೊಟ್ಟಿಗೆಯ ಜಂತಿಗೆ ಕಟ್ಟಿರುತ್ತಿದ್ದರು. ಕೆಂಪು ದಾರದಿಂದ ಅಂಚು ಹೊಲಿದ ಆ ತುಂಡನ್ನು ಊರಿನವರೆಲ್ಲ ಒಂದಲ್ಲ ಒಂದು ದಿನ ತಮ್ಮ ಮನೆಯ ಹೆಣದ ಪಕ್ಕದಲ್ಲಿ ನೋಡಿದವರೇ.

ನನಗಾಗ ಇಪ್ಪತ್ತು ವರ್ಷ. ಸೊಲ್ಲಾಪುರದ ಒಂದು ಸಲೂನಿನಲ್ಲಿ ಎರಡು ವರ್ಷ ಕೆಲಸ ಕಲಿತು, ದೊಡ್ಡ ಕನ್ನಡಿಗಳನ್ನು ಕಂಡು, ಅಪ್ಪನನ್ನು ಹಳೇ ಕಾಲದವನೆಂದು ಅಳೆದುಬಿಟ್ಟಿದ್ದೆ. ಆಗ ಊರಿನಲ್ಲಿ ಒಂದು ಮದುವೆ ಬಂತು. ಮದುಮಗ ನನ್ನ ಜೊತೆಗೆ ಶಾಲೆಗೆ ಬರುತ್ತಿದ್ದವನು, ತಾಯಿಗೆ ಒಬ್ಬನೇ ಮಗ. ಅಪ್ಪನಿಗೆ ಮೈ ಸುಡುವಷ್ಟು ಜ್ವರ. ಹಡಪ ಹೊತ್ತುಕೊಂಡು ನಾನು ಹೊರಟೆ. ನಮ್ಮ ಅಂಗಳದಲ್ಲೇ ನಿಂತು ಕತ್ತಿ ತೆಗೆದು ನೋಡಿದರೆ ಅಂಚು ಹಲ್ಲುಹಲ್ಲಾಗಿತ್ತು. ಅದನ್ನು ಮಸೆಯುವಷ್ಟು ತಾಳ್ಮೆ ನನಗಿರಲಿಲ್ಲ. ಕೊಟ್ಟಿಗೆಯದು ಹರಿತವಾಗಿತ್ತು. ಕಬ್ಬಿಣಕ್ಕೆ ಯಾವ ಸೂತಕ ಎಂದುಕೊಂಡು ಕಂಬಳಿ ತುಂಡಿನ ಸಮೇತ ಜಂತಿಯಿಂದ ಬಿಚ್ಚಿ ತೆಗೆದೆ. ಗೊತ್ತಿದ್ದೇ ತೆಗೆದೆ. ಮದುವೆ ಮನೆಯಲ್ಲಿ ಬಿಸಿನೀರಲ್ಲಿ ತೊಳೆದು ನನ್ನ ಗೆಳೆಯನ ಗಡ್ಡ ಹೆರೆದೆ. ಬಹಳ ನುಣ್ಣಗೆ ಬಂತು. ಅವನ ತಾಯಿ ನನಗೆ ಹಾಲು ಕೊಟ್ಟಳು, ಹೊಸ ಟವೆಲ್ಲು ಕೊಟ್ಟಳು. ಆ ಖುಷಿಯಲ್ಲಿ ಕಂಬಳಿ ತುಂಡನ್ನು ಅವರ ಕಟ್ಟೆಯ ಮೇಲೆಯೇ ಮರೆತು ಬಂದೆ.

ಮದುವೆಯಾದ ನಾಲ್ಕನೆಯ ತಿಂಗಳಿಗೆ ಅವನು ಕುಂಭಾರಿಯ ಹತ್ತಿರ ಮೋಟರ್ ಸೈಕಲ್ ಮೇಲಿಂದ ಬಿದ್ದು ಸತ್ತ.

ಅಂದು ಅಪ್ಪನ ಹಿಂದೆ ನಾನೂ ಹೋಗಿದ್ದೆ. ಅಪ್ಪ ಹೊಸ ಬಟ್ಟೆಯಲ್ಲಿ ಸುತ್ತಿದ ಸಾವಿನ ಕತ್ತಿ ಹೊರತೆಗೆದ. ಆ ತಾಯಿ ಆ ಹೊಸ ಬಟ್ಟೆಯನ್ನೇ ನೋಡುತ್ತ ನಿಂತಳು. ಒಳಗೆ ಹೋಗಿ, ಕೆಂಪು ದಾರದ ಕಂಬಳಿ ತುಂಡು ತಂದು ಅಪ್ಪನ ಮುಂದೆ ಒಗೆದಳು.

"ಅರಿಷಿಣದ ದಿನಾ ಕಟ್ಟಿ ಮ್ಯಾಲ ಸಿಕ್ಕಿತ್ತು. ಮದುವಿ ಗದ್ದಲದಾಗ ಸರಿಯಾಗಿ ನೋಡದ, ನಮ್ಮದೇ ಹಳೀ ಅರಿಬಿ ಅಂತ ತಿಳದು ಮೂಲ್ಯಾಗ ಇಟ್ಟಿದ್ದೆ. ಇದು ನಿಂದಲ್ಲೇನು?"

ಅಪ್ಪ ಒಮ್ಮೆ ನನ್ನ ಮುಖ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಈಗ ನೆನೆಸಿಕೊಳ್ಳಲು ಸುಲಭವಾಗುತ್ತಿತ್ತು.

"ನಂದೇ ರೀ ಅವ್ವಾರ. ನಾನೇ ಹಡಪದಾಗ ಹಾಕಿ ಕೊಟ್ಟೆ. ಜ್ವರದಾಗ ಯಾವ್ದು ಏನು ತಿಳೀಲಿಲ್ಲ. ಹುಡುಗಗ ಗೊತ್ತಿಲ್ಲರಿ."

ನಾನು ಬಾಯಿ ಬಿಡಲಿಲ್ಲ. ಹೆದರಿದ್ದೆ, ಅಷ್ಟೇ. ಅದಕ್ಕೆ ಬೇರೆ ಹೆಸರು ಕೊಡುವ ಮನಸ್ಸಿಲ್ಲ.

ಊರು ಬೇರೆ ಕ್ಷೌರಿಕನನ್ನು ಕರೆಸಿತು. ಅಪ್ಪನಿಂದ ತಲೆ ಮುಟ್ಟಿಸಿಕೊಳ್ಳುವವರು ಒಬ್ಬರೂ ಉಳಿಯಲಿಲ್ಲ. ಮುಂದೆ ನಾನು ಸೊಲ್ಲಾಪುರದಲ್ಲಿ ಸ್ವಂತ ಸಲೂನ್ ಹಾಕಿ ಅವನನ್ನು ಕರೆತಂದೆ. ಅವನು ಕತ್ತಿ ಹಿಡಿಯಲಿಲ್ಲ. ಕೆಳಗೆ ಬಿದ್ದ ಕೂದಲು ಗುಡಿಸುತ್ತಿದ್ದ, ಗಿರಾಕಿಗಳಿಗೆ ಚಹಾ ತರುತ್ತಿದ್ದ. ನಾನು ಬೇಡವೆಂದರೆ, "ಸುಮ್ಮ ಕುಂತ್ರ ಕೈ ಜಡ್ಡಾಗ್ತಾವ" ಎನ್ನುತ್ತಿದ್ದ. ನಾವಿಬ್ಬರೂ ಆ ಮಾತು ಒಮ್ಮೆಯೂ ಎತ್ತಲಿಲ್ಲ. ಕಬ್ಬಿಣಕ್ಕೆ ಸಾವು ಅಂಟುತ್ತದೆಂದು ನಾನು ಇವತ್ತಿಗೂ ನಂಬುವುದಿಲ್ಲ. ಆದರೆ ಅಪ್ಪ ನಂಬಿದ್ದ. ನಂಬಿದ್ದೂ ಆ ಸಾವನ್ನು ತನ್ನ ತಲೆಯ ಮೇಲೆ ಹಾಕಿಕೊಂಡಿದ್ದ. ವರ್ಷಕ್ಕೊಮ್ಮೆ ಮಾತ್ರ ಒಂದು ದಿನ ರಜೆ ಕೇಳುತ್ತಿದ್ದ, "ಅಕ್ಕಲಕೋಟಕ್ಕ ದೇವರಿಗೆ ಹೋಗಿ ಬರ್ತೀನಿ" ಎಂದು. ಸಂಜೆ ಬಸ್ಸಿಗೆ ತುಟಿ ಒಣಗಿಸಿಕೊಂಡು ಬರುತ್ತಿದ್ದ. ಪ್ರಸಾದ ಎಲ್ಲಿ ಎಂದು ನನ್ನ ಹೆಂಡತಿ ಕೇಳಿದರೆ, ಗದ್ದಲಿತ್ತು ಎನ್ನುತ್ತಿದ್ದ.

ಕಳೆದ ಚಳಿಗಾಲದಲ್ಲಿ ಅಪ್ಪ ತೀರಿಕೊಂಡ. ಹೆಣವನ್ನು ವಾಗದರಿಗೆ ಒಯ್ದೆವು. ಹಳೆಯ ಮನೆಯ ಅಂಗಳದಲ್ಲಿ ನಾನೇ ಅವನ ಗಡ್ಡ ಹೆರೆದೆ. ನನ್ನ ತಲೆ ಬೋಳಿಸಲು ಊರಿನ ಕ್ಷೌರಿಕ ಕಾಯುತ್ತಿದ್ದ. ಅಷ್ಟರಲ್ಲಿ ಹೆಂಗಸರ ನಡುವೆ ಆ ಗೆಳೆಯನ ತಾಯಿ ಬಂದಳು. ಸೊಂಟ ಬಾಗಿತ್ತು. ಈಗ ಹೇಳದಿದ್ದರೆ ಅಪ್ಪ ಆ ಕಳಂಕದ ಜೊತೆಗೇ ಸುಟ್ಟುಹೋಗುತ್ತಾನೆ ಎನ್ನಿಸಿ ಎದ್ದು ನಿಂತೆ.

"ಅವ್ವಾರ, ಅವತ್ತಿನ ತಪ್ಪು ಅಪ್ಪಂದಲ್ಲರಿ. ಗೊತ್ತಿದ್ದೇ ಆ ಕತ್ತಿ ನಾ ತಗೊಂಡು ಬಂದಿದ್ದೆ. ಅಪ್ಪ ಸುಳ್ಳ ಹೇಳಿದ."

ಅಂಗಳದಲ್ಲಿದ್ದವರೆಲ್ಲ ಕೇಳಿದರು. ಅವಳು ನನ್ನನ್ನು ಬೈಯುತ್ತಾಳೆಂದು ಕಾದೆ; ಬೈಯಲಿ ಎಂದೇ ಕಾದೆ.

"ವರ್ಷಾ ನನ್ನ ಮಗ ಹೋದ ದಿನಾನ ನಿಮ್ಮಪ್ಪ ಬಂದು ನಮ್ಮ ಕಟ್ಟಿ ಕೆಳಗ ಕುಂದರ್ತಿದ್ದ," ಎಂದಳು. "ಮುಂಜಾನಿಂದ ಹೊತ್ತ ಇಳಿಯೂ ತನಕ ಬಿಸಲಾಗ. ಒಂದ ಮಾತ ಆಡ್ತಿದ್ದಿಲ್ಲ. ಒಂದ ವರ್ಷಾರೆ ನಾ ಅವಗ ನೀರ ಕೊಡಲಿಲ್ಲಲ್ಲೋ."

ಅಪ್ಪನ ಅಕ್ಕಲಕೋಟ ಯಾವುದೆಂದು ನನಗೆ ಆಗ ತಿಳಿಯಿತು. ಅವಳು ಮತ್ತೆ ನನ್ನತ್ತ ನೋಡಲಿಲ್ಲ. ಪಕ್ಕದವಳ ಕೈಯಿಂದ ತಂಬಿಗೆ ಇಸಿದುಕೊಂಡು ಅಪ್ಪನ ತಲೆಯ ಹತ್ತಿರ ಕುಳಿತು ಬಾಯಿಗೆ ನೀರು ಬಿಟ್ಟಳು. ಅದು ಒಳಗೆ ಹೋಗಲಿಲ್ಲ, ನಾನು ಆಗಷ್ಟೇ ಹೆರೆದ ಗಲ್ಲದ ಮೇಲೆ ಹರಿಯಿತು. ಸೆರಗಿನಿಂದ ಒರೆಸಿ ಮತ್ತೆ ಬಿಟ್ಟಳು.