ನಮ್ಮ ಮನೆಯವರೂ ಜರ್ಮನ್ ಬ್ಯಾಂಡೂ

ಊಟಕ್ಕೆ ಕೂತಾಗ ನಮ್ಮ ಮನೆಯವರ ಎಡಗಾಲಿನ ಹೆಬ್ಬೆರಳು ಸಾಕ್ಸಿನೊಳಗೇ ತಾಳ ಹಾಕುತ್ತಿತ್ತು. ಉದ್ದನೆಯ ಬೆರಳು, ಎಂಥ ಸಾಕ್ಸು ತಂದರೂ ಮೊದಲು ತೂತಾಗುತ್ತಿದ್ದುದು ಅಲ್ಲೇ. ಬಾಯಿ ಸಾರನ್ನ ತಿನ್ನುತ್ತಿತ್ತು, ಕಣ್ಣು ನನ್ನನ್ನು ನೋಡುತ್ತಿತ್ತು, ನಾನು ಹೇಳಿದ್ದಕ್ಕೆಲ್ಲ ‘ಹೂಂ’ ಎಂದೂ ಅನ್ನುತ್ತಿದ್ದರು. ಮೇಜಿನ ಕೆಳಗೆ ಆ ಬೆರಳು ಮಾತ್ರ ಬೇರೆಲ್ಲೋ ಮೆರವಣಿಗೆ ಹೊರಟಿರುತ್ತಿತ್ತು. ಅದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಅವರನ್ನು ನಾನು ಹೆಸರು ಹಿಡಿದು ಕರೆದವಳಲ್ಲ, ಇಲ್ಲಿಯೂ ಬರೆಯುವುದಿಲ್ಲ. ಮೈಸೂರಿನವರು, ಮೆಕ್ಯಾನಿಕಲ್ ಇಂಜಿನಿಯರು. ತೊಂಬತ್ತರ ದಶಕದ ಶುರುವಿನಲ್ಲಿ, ಊರು ಬಿಟ್ಟು ಪರದೇಶಕ್ಕೆ ಬಂದಿದ್ದ ನಾವು ಸ್ಕಾರ್‌ಬರೋದಲ್ಲಿ ಮನೆ ಕೊಂಡೆವು. ಪಕ್ಕದ ಮನೆಯಲ್ಲಿ ಒಬ್ಬ ಜರ್ಮನ್ ಮುದುಕರು ಒಂಟಿಯಾಗಿದ್ದರು. ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯಿಂದ ನಿವೃತ್ತರಾದವರು. ಮೊದಲ ಬೇಸಿಗೆಯಲ್ಲೇ ಅವರು ಗ್ಯಾರೇಜಿನಲ್ಲಿ ಹಳೆ ಸಾಮಾನು ಮಾರಾಟಕ್ಕಿಟ್ಟಿದ್ದರು. ಹುಲ್ಲು ಕತ್ತರಿಸುವ ಮೆಷಿನ್ನು ನೋಡಿ ಬರುತ್ತೇನೆಂದು ಹೋದ ನಮ್ಮ ಮನೆಯವರು ತಿರುಗಿ ಬಂದದ್ದು ಸಂಜೆಗೆ. ಮೆಷಿನ್ನು ಇರಲಿಲ್ಲ, ಮುಖ ಮಾತ್ರ ಹಬ್ಬದ ಹಾಗಿತ್ತು.

“ಅವರ ಬೇಸ್‌ಮೆಂಟಲ್ಲಿ ಗೋಡೆ ತುಂಬ ರೆಕಾರ್ಡು ಕಣೇ! ಎಲ್ಲಾ ಜರ್ಮನ್ ಮಿಲಿಟರಿ ಬ್ಯಾಂಡು, ಮಾರ್ಚು. ಚಿಕ್ಕೋನಿದ್ದಾಗ ಪೊಲೀಸ್ ಬ್ಯಾಂಡಿನ ಹಿಂದೆ ಓಡಿ ಓಡಿ ಚಪ್ಪಲಿ ಕಳ್ಕೊಂಡಿದ್ದೆ, ಗೊತ್ತಾ?”

“ಮೆಷಿನ್ನು?” ಅಂದೆ.

“ಅಯ್ಯೋ, ಮರ್ತೇಬಿಟ್ಟೆ.”

ಅಂದಿನಿಂದ ಶನಿವಾರದ ಮಧ್ಯಾಹ್ನ ನನ್ನ ಕೈತಪ್ಪಿತು. ಊಟ ಮುಗಿಸಿ, ಕೈ ಒರೆಸಿಕೊಳ್ಳುತ್ತಲೇ ಪಕ್ಕದ ಮನೆಗೆ ಇಳಿದುಬಿಡುವರು. ಇವರು ಆ ಮುದುಕರನ್ನು ಮೇಷ್ಟ್ರು ಎನ್ನುತ್ತಿದ್ದರು. ಅವರು ಇವರನ್ನು ‘ಹೆರ್ ಇಂಜಿನಿಯರ್’, ಅಂದರೆ ಇಂಜಿನಿಯರ್ ಸಾಹೇಬರೇ, ಎಂದು ತಲೆಬಾಗಿಸಿ ಕರೆಯುತ್ತಿದ್ದರು. ಒಮ್ಮೆ ನಾನೂ ಹೋಗಿ ನೋಡಿದೆ. ಮೇಷ್ಟ್ರು ರೆಕಾರ್ಡನ್ನು ಅಂಚಿನಲ್ಲಷ್ಟೇ ಹಿಡಿದು, ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದು, ಹಸುಗೂಸನ್ನು ಮಲಗಿಸುವಂತೆ ಇಟ್ಟರು. ಹಾಡು ಮುಗಿಯುವವರೆಗೆ ಯಾರೂ ಮಾತಾಡುವಂತಿಲ್ಲ. ಮನೆಯಲ್ಲಿ ನಾನು ಒಂದು ಮಾತು ಮುಗಿಸುವಷ್ಟರಲ್ಲಿ ಮೂರು ಸಲ ಎದ್ದು ಹೋಗುವ ಮನುಷ್ಯ ಅಲ್ಲಿ ಕಂಬದ ಹಾಗೆ ಕೂತಿದ್ದರು.

ಆ ಮಾರ್ಚುಗಳಲ್ಲಿ ಒಂದೊಂದಕ್ಕೂ ಒಂದೊಂದು ಕೆಲಸವಂತೆ. ಕಾಲಾಳುಗಳು ನಿಧಾನವಾಗಿ ನಡೆಯುವುದಕ್ಕೆ ಒಂದು, ಚುರುಕಾಗಿ ನಡೆಯುವುದಕ್ಕೆ ಒಂದು, ಕುದುರೆ ನಡೆಯುವುದಕ್ಕೆ, ಕುದುರೆ ಓಡುವುದಕ್ಕೆ ಬೇರೆ ಬೇರೆ. ಇವರು ಅವನ್ನೆಲ್ಲ ಕ್ಯಾಸೆಟ್ಟಿಗೆ ಇಳಿಸಿಕೊಂಡು ಬಂದರು. ಜರ್ಮನ್ ಹೆಸರು ಬರೆಯಲು ಬಾರದೆ ಕನ್ನಡದಲ್ಲಿ ಚೀಟಿ ಅಂಟಿಸಿದರು: ‘ಕಾಲಾಳು, ನಿಧಾನ’, ‘ಕುದುರೆ, ಓಟ’. ಕೊನೆಗೆ ಮೇಷ್ಟ್ರೇ ನಮ್ಮ ಬಾಗಿಲಿಗೆ ಬಂದು “ಹೆರ್ ಇಂಜಿನಿಯರ್, ಕುದುರೆ ಪ್ಲೀಸ್” ಎಂದು ಕೇಳುವ ಹಾಗಾಯಿತು. ನನ್ನಿಂದ ಒಂದೂ ಕನ್ನಡದ ಪದ ಕಲಿಯದ ಮನುಷ್ಯ!

ನಾನು ದೇವರನಾಮ ಹಾಡುತ್ತೇನೆ. ದೊಡ್ಡ ಗಾಯಕಿಯಲ್ಲ, ಕನ್ನಡದವರು ಸೇರಿದ ಕಡೆ ಹಾಡು ಎಂದರೆ ಹಾಡುವಷ್ಟು.

“ನನ್ನ ಹಾಡಿಗೆ ಒಂದು ದಿನ ನಿಮ್ಮ ಕಾಲು ಅಲ್ಲಾಡಿದ್ದುಂಟೇನ್ರೀ?” ಎಂದು ಕೇಳಿದೆ.

“ನಿನ್ನ ಹಾಡಿಗೆ ಕಣ್ಣು ಮುಚ್ಕೋತೀನಲ್ಲೇ.”

“ಅದು ನಿದ್ದೆ.”

ಮಗಳು ಹೈಸ್ಕೂಲಿನಲ್ಲಿದ್ದಳು. ಫ್ರಿಜ್ಜಿನ ಬಾಗಿಲು ಹಿಡಿದು ನಕ್ಕು ನಕ್ಕು ಬಗ್ಗಿದಳು. “ಅಮ್ಮಾ, ಯೂ ಆರ್ ಜೆಲಸ್ ಆಫ್ ಎ ಟ್ಯೂಬಾ!”

ಟ್ಯೂಬಾ ಎಂದರೇನೆಂದು ನನಗೆ ಗೊತ್ತಿರಲಿಲ್ಲ. ಬ್ಯಾಂಡಿನಲ್ಲಿ ಊದುವ ಆ ದೊಡ್ಡ ಹಿತ್ತಾಳೆ ಕೊಳವೆ ಎಂದು ಗೊತ್ತಾದ ಮೇಲೂ ಇಲ್ಲವೆನ್ನಲು ಆಗಲಿಲ್ಲ. ಸವತಿ ಎಂಬುವಳು ಹೆಂಗಸೇ ಆಗಿರಬೇಕೆಂದು ಎಲ್ಲಿದೆ?

ಮೇಷ್ಟ್ರು ಕಾಫಿಗೆ ಬಂದಿದ್ದಾಗ ಒಂದು ಸಲ ಚುಚ್ಚಿಯೇಬಿಟ್ಟೆ. “ಮಹಾಯುದ್ಧದಲ್ಲಿ ಅಷ್ಟು ಜನ ಸತ್ತ ಮೇಲೂ ಈ ಸೈನ್ಯದ ವಾದ್ಯ ಕೇಳೋಕೆ ನಿಮಗೆ ಮನಸ್ಸಾದರೂ ಹೇಗೆ ಬರುತ್ತೆ?”

ಅವರು ಲೋಟ ಕೆಳಗಿಟ್ಟು ತಮ್ಮ ಬಿಗಿ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು. “ಇವು ನನ್ನ ಅಜ್ಜನಿಗಿಂತ ಹಳೆಯವು. ಆ ಯುದ್ಧದ ವರ್ಷಗಳಲ್ಲಿ ಮಾಡಿದ ರೆಕಾರ್ಡು ನನ್ನ ಮನೆಯಲ್ಲಿ ಒಂದೂ ಇಲ್ಲಮ್ಮ. ನನ್ನ ತಂದೆ ಆ ಸೈನ್ಯದ ಜೊತೆ ಹೋದವರು ಬರಲಿಲ್ಲ. ಅವರು ಊರಿನ ಬ್ಯಾಂಡಿನಲ್ಲಿ ಊದುತ್ತಿದ್ದದ್ದು ಇವನ್ನೇ.”

ಇವರು ನನ್ನ ಕಡೆ ನೋಡಲಿಲ್ಲ. ಮುಂದಿನ ಶನಿವಾರ ಒಂದು ಗಂಟೆ ಮೊದಲೇ ಪಕ್ಕದ ಮನೆಗೆ ಹೋದರು.

ಕಾಯಿಲೆ ಬಂದದ್ದು ಎರಡು ಸಾವಿರದ ಇಸವಿ ಕಳೆದ ಮೇಲೆ. ಮೊದಲು ಬಲಗೈ ನಡುಕ, ಆಮೇಲೆ ಅಂಗಿಯ ಗುಂಡಿಯ ಜೊತೆ ಗುದ್ದಾಟ. ಪಾರ್ಕಿನ್‌ಸನ್ ಎಂದರು ಡಾಕ್ಟರು. ಬರಬರುತ್ತಾ ಬಾಗಿಲುಗಳಲ್ಲಿ ಕಾಲು ಕಚ್ಚಿಕೊಳ್ಳತೊಡಗಿತು. ನಡುಮನೆಯಲ್ಲಿ ಸರಾಗ ನಡೆದು ಬಂದವರು ಅಡುಗೆಮನೆಯ ಹೊಸ್ತಿಲಲ್ಲಿ ಗಪ್ಪನೆ ನಿಂತುಬಿಡುವರು. “ಬನ್ನಿ, ಬನ್ನಿ” ಎಂದು ನಾನು ಕೈಹಿಡಿದು ಕರೆಯುತ್ತಿದ್ದೆ. ಪಾದ ನೆಲಕ್ಕೆ ಅಂಟಿದ ಹಾಗೆ ಇರುತ್ತಿತ್ತು. “ಬರ್ಬೇಕು ಅಂತಿದೀನಿ ಕಣೇ, ಕಾಲು ಕೇಳ್ತಿಲ್ಲ” ಎನ್ನುವರು.

ಒಂದು ಸಂಜೆ ಅಡುಗೆಮನೆಯ ಕಿಟಕಿಯಿಂದ ನೋಡುತ್ತೇನೆ, ಇವರು ಗ್ಯಾರೇಜಿನ ಬಾಗಿಲಲ್ಲಿ ಸಿಕ್ಕಿಕೊಂಡು ನಿಂತಿದ್ದಾರೆ. ನಾನು ಚಪ್ಪಲಿ ಹುಡುಕುವಷ್ಟರಲ್ಲಿ ಬೇಲಿಯಾಚೆಯಿಂದ ಮೇಷ್ಟ್ರು ಬಂದರು. ಕೈ ಹಿಡಿಯಲಿಲ್ಲ, ಏನೂ ಕೇಳಲಿಲ್ಲ. ಎದುರಿಗೆ ನಿಂತು ಚಪ್ಪಾಳೆ ತಟ್ಟುತ್ತಾ ಒಂದು ಮಾರ್ಚು ಗುನುಗಿದರು. ಇವರ ಎಡಗಾಲು ಮೇಲೆದ್ದಿತು, ಬಲಗಾಲು ಎದ್ದಿತು. ಸಿಪಾಯಿಯ ಹಾಗೆ ಡ್ರೈವ್‌ವೇ ದಾಟಿ ಮನೆಯೊಳಗೆ ನಡೆದು ಬಂದರು.

ಸಂತೋಷಪಡಬೇಕಿತ್ತು. ಪಟ್ಟೆ ಕೂಡ. ಆದರೆ ರಾತ್ರಿ ಪಾತ್ರೆ ತೊಳೆಯುವಾಗ ಅಳು ಬಂತು. ಅಗ್ನಿಸಾಕ್ಷಿಯಾಗಿ ಕೈಹಿಡಿದವಳು ನಾನು. ನನ್ನ ಕೈಗೆ ಬಾರದ ಕಾಲು ಆ ಹಿತ್ತಾಳೆ ವಾದ್ಯಕ್ಕೆ ಬಂತಲ್ಲ.

ಆಮೇಲೆ ಇವರ ಸೊಂಟಕ್ಕೊಂದು ವಾಕ್‌ಮನ್ ಬಂತು, ಅದರಲ್ಲಿ ‘ಕಾಲಾಳು’ ಕ್ಯಾಸೆಟ್ಟು. ಹೆಡ್‌ಫೋನು ಹಾಕಿಕೊಂಡು ಮನೆಯಲ್ಲೆಲ್ಲ ಓಡಾಡುವರು. ನಾನು ಕರೆದರೆ ಕೇಳಿಸದು. ಶನಿವಾರವಷ್ಟೇ ಹೋಗಿತ್ತು, ಈಗ ಇಡೀ ವಾರ ಹೋಯಿತು. ಹಟ ಹಿಡಿದು ಒಂದು ದಿನ ಹೆಡ್‌ಫೋನು ತೆಗೆಸಿ, ಹೊಸ್ತಿಲಲ್ಲಿ ನಿಲ್ಲಿಸಿ, ತೊಡೆ ತಟ್ಟುತ್ತಾ ಆದಿತಾಳದ ದೇವರನಾಮ ಹಾಡಿದೆ. ಪೂರ್ತಿ ಹಾಡಿದೆ. ಅವರು ನಗುತ್ತಾ ನಿಂತಲ್ಲೇ ನಿಂತರು.

“ಚೆನ್ನಾಗಿತ್ತು. ಆದ್ರೆ ನಿನ್ನ ಹಾಡು ಕೂತು ಕೇಳೋದು ಕಣೇ.”

ಹೀಗಿರುವಾಗ ಒಂದು ದಿನ ಕ್ಲಿನಿಕ್ಕಿಗೆ ಹೋಗಿದ್ದೆವು. ಲಿಫ್ಟಿನಿಂದ ಹೊರಗೆ ಕಾಲಿಡಬೇಕು, ವಾಕ್‌ಮನ್ನಿನ ಸೆಲ್ಲು ಮುಗಿದುಹೋಯಿತು. ಇವರು ಲಿಫ್ಟಿನ ಬಾಗಿಲಲ್ಲೇ ನಿಂತರು. ಬಾಗಿಲು ಮುಚ್ಚಿಕೊಳ್ಳಲು ಬರುತ್ತದೆ, ಇವರ ಭುಜಕ್ಕೆ ತಾಗಿ ಹಿಂದೆ ಹೋಗುತ್ತದೆ, ಮತ್ತೆ ಬರುತ್ತದೆ. ಹಿಂದೆ ಗಾಲಿಕುರ್ಚಿಯವರೊಬ್ಬರು ಕಾಯುತ್ತಿದ್ದಾರೆ, ಮುಂದೆ ಜನ ನೋಡುತ್ತಿದ್ದಾರೆ. ಇವರ ಹಣೆಯಲ್ಲಿ ಬೆವರು. ಅವರ ಕಣ್ಣಲ್ಲಿದ್ದ ನಾಚಿಕೆಯನ್ನು ನನಗೆ ನೋಡಲಾಗಲಿಲ್ಲ.

ಎಲ್ಲಿತ್ತೋ ಏನೋ, ನನ್ನ ಬಾಯಿಂದ “ಪಂ ಪಂ ಪರರ ಪಂ” ಎಂದು ಹೊರಟಿತು. ಸೀರೆಯ ಮೇಲೆ ಚಳಿಯ ಜಾಕೆಟ್ಟು ಹಾಕಿಕೊಂಡು, ಅಷ್ಟು ಜನರ ನಡುವೆ, ನಾನು ಬ್ಯಾಂಡು ನುಡಿಸಿದೆ. ಬೇಡ ಬೇಡವೆಂದರೂ ಅಷ್ಟು ವರ್ಷ ಕಿವಿಗೆ ಬಿದ್ದದ್ದು, ಒಂದು ತಿರುವೂ ತಪ್ಪಲಿಲ್ಲ. ಇವರ ಕಾಲು ಎದ್ದಿತು. ಎದ್ದದ್ದಷ್ಟೇ ಅಲ್ಲ, ಕುಣಿಯುವ ಹಾಗೆ ದಡದಡ ಬಂದು ನನ್ನ ಮೈಮೇಲೇ ಬಿದ್ದರು. ಉಸಿರು ಹಿಡಿದುಕೊಂಡು ಕಿವಿಯಲ್ಲಿ ಹೇಳಿದರು:

“ಅದು ಕುದುರೆ ಓಟದ್ದು ಕಣೇ! ಬೀಳಿಸಿಬಿಡ್ತಿದ್ದೆಯಲ್ಲ.”

ಲಾಬಿಯಲ್ಲೇ ಕೂತು ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಮನೆಗೆ ಬಂದಾಗ ಹೊಸ ಸೆಲ್ಲು ತೆಗೆದುಕೊಟ್ಟೆ. “ಇರಲಿ ಬಿಡು, ನೀನೇ ಹೇಳು” ಎಂದರು. ಅಲ್ಲಿಂದ ಮುಂದೆ ಬಚ್ಚಲಿನ ಬಾಗಿಲಿಗೂ ಕಾರಿನ ಬಾಗಿಲಿಗೂ ನಾನೇ ಬ್ಯಾಂಡು. ಮೇಷ್ಟ್ರು ಬಂದು ವಾಕ್‌ಮನ್ ಎಲ್ಲಿ ಎಂದು ಕೇಳಿದಾಗ ಇವರು ನನ್ನ ಕಡೆ ತೋರಿಸಿದರು. ಮೇಷ್ಟ್ರ ಮುಖ ಸಣ್ಣದಾಯಿತು. ಅದನ್ನು ನೋಡಿ ನನಗಾದ ಖುಷಿಗೆ ಆ ದಿನ ಅವರಿಗೆ ಎರಡು ಸಲ ಕಾಫಿ ಕೊಟ್ಟೆ.

ನ್ಯುಮೋನಿಯಾ ಬಂದು ಇವರು ಹೋದದ್ದು ಚಳಿಗಾಲದ ಕೊನೆಯಲ್ಲಿ. ಚಿತಾಗಾರಕ್ಕೆ ಮೇಷ್ಟ್ರು ಕಪ್ಪು ಕೋಟು ಹಾಕಿಕೊಂಡು ಬಂದರು. ಜೇಬಿನಿಂದ ಒಂದು ಕ್ಯಾಸೆಟ್ಟು ತೆಗೆದು, “ನೀವು ಒಪ್ಪಿದರೆ...” ಎಂದರು. ಸೈನಿಕರು ಪ್ರಾರ್ಥನೆಗೆಂದು ಟೋಪಿ ತೆಗೆದು ನಿಂತಾಗ ನುಡಿಸುವುದಂತೆ. ನಾನು ಬೇಡ ಅಂದೆ. ಇವರನ್ನು ನನ್ನ ದೇವರನಾಮದಲ್ಲೇ ಕಳಿಸಿಕೊಡುವುದೆಂದು ಮೊದಲೇ ನಿಶ್ಚಯಿಸಿದ್ದೆ.

ಶವಪೆಟ್ಟಿಗೆ ಉರುಳೆಗಳ ಮೇಲೆ ಒಲೆಯ ಕಡೆಗೆ ಜರುಗತೊಡಗಿತು. ಪಲ್ಲವಿ ನೆನಪಿತ್ತು, ಬಾಯಿಯೂ ತೆರೆದಿತ್ತು. ದನಿ ಬರಲಿಲ್ಲ. ಮಗಳು ನನ್ನ ತೋಳು ಹಿಡಿದುಕೊಂಡಳು. ಆಗ ಹಿಂದಿನ ಸಾಲಿನಿಂದ ಒಡಕು ಗಂಟಲಲ್ಲಿ ಯಾರೋ ಗುನುಗುವುದು ಕೇಳಿಸಿತು. ಮೇಷ್ಟ್ರು. ಕಾಲಾಳಿನ ನಿಧಾನ ನಡೆ. ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು, ಒರೆಸಿಕೊಳ್ಳುತ್ತಿರಲಿಲ್ಲ.

ಅಂಥ ಹೊತ್ತಿನಲ್ಲೂ ನನ್ನ ಹೊಟ್ಟೆಯಲ್ಲಿ ಆ ಹಳೆಯ ಉರಿ ಎದ್ದಿತು. ಕೊನೆಯ ಸಲವೂ ಇವರು ಆ ಮನುಷ್ಯನ ದನಿಗೇ ನಡೆದುಹೋಗಬೇಕೆ? ಆ ಉರಿಯೇ ನನ್ನ ಗಂಟಲು ಬಿಡಿಸಿತು. “ಪಂ... ಪಂ...” ಎಂದು ಅವರಿಗಿಂತ ಜೋರಾಗಿ ಹಿಡಿದುಕೊಂಡೆ. ಮೇಷ್ಟ್ರು ನನ್ನ ಕಡೆ ನೋಡಿ, ತಲೆಬಾಗಿಸಿ, ದನಿ ತಗ್ಗಿಸಿ ನಿಲ್ಲಿಸಿಬಿಟ್ಟರು. ಪೆಟ್ಟಿಗೆ ಒಳಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುವವರೆಗೆ ನಾನೊಬ್ಬಳೇ ನುಡಿಸಿದೆ.